ವಾಸಂತಕ್ಕನ ಗೋಡೆಗೆ ನಾನು ಬರೆದ ಮೊಳೆ

ವಾಸಂತಕ್ಕ, ನಿಮ್ಮ ಮನೆಯ ಗೋಡೆ ಕಪ್ಪಾದದ್ದು ನಿಮ್ಮ ಎಣ್ಣೆಯಿಂದಲ್ಲ. ನನ್ನ ಮೊಳೆಯಿಂದ. ಇದು ನನಗೆ ಈಗ ಗೊತ್ತಾದದ್ದಲ್ಲ. ಆರು ವರ್ಷದ ಹಿಂದೆ ನೀವು ಕೈಯಲ್ಲಿ ಬ್ರಷ್ ಹಿಡಿದು ಮನೆ ಮುಂದೆ ಅಳುಮುಖ ಮಾಡಿಕೊಂಡು ನಿಂತಿದ್ದಿರಲ್ಲ, ಆ ದಿನವೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಸುಮ್ಮನಿದ್ದೆ ಎಂದರೂ ಪೂರ್ತಿ ನಿಜವಾಗುವುದಿಲ್ಲ — ಒಂದು ಮಾತು ಆಡಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಇದನ್ನು ಮೊದಲು ನೀವು ಓದಬೇಕು. ನೀವು ಒಪ್ಪಿದರೆ ನಮ್ಮ ಕನ್ನಡ ಸಂಘದ ದೀಪಾವಳಿ ಸಂಚಿಕೆಗೂ ಕೊಡುತ್ತೇನೆ. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕಥೆ ಹೇಳಿ ಊರನ್ನೆಲ್ಲ ನಗಿಸಿದವಳು ನಾನು. ತಿದ್ದುಪಡಿಯೂ ಊರಿಗೆಲ್ಲ ತಲುಪಬೇಕಲ್ಲ.

ನನ್ನ ಕೆಲಸ ಏನು ಎಂದು ಸಂಘದಲ್ಲಿ ಇವತ್ತಿಗೂ ಅರ್ಧ ಜನಕ್ಕೆ ಗೊತ್ತಿಲ್ಲ. ಸಿಯಾಟಲ್ ಕಡೆ ಇರುವ ಕನ್ನಡದವಳು ಎಂದ ಮೇಲೆ ಸಾಫ್ಟ್‌ವೇರೇ ಇರಬೇಕು ಎಂದುಕೊಂಡು ಕೆಟ್ಟ ಲ್ಯಾಪ್‌ಟಾಪ್ ತಂದು ಕೈಗೆ ಕೊಡುತ್ತಾರೆ. ನಾನು ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದಿ, ಇಲ್ಲೇ ಫ್ಯಾಕ್ಟೋರಿಯಾ ಎಂಬ ಬಡಾವಣೆಯ ಒಂದು ಸಣ್ಣ ಆರ್ಕಿಟೆಕ್ಟ್ ಆಫೀಸಿನಲ್ಲಿ ಸ್ಪೆಸಿಫಿಕೇಶನ್ ಬರೆಯುವವಳು. ಗೋಡೆ ಎಲ್ಲಿ ಬರುತ್ತದೆ ಎನ್ನುವುದು ನಕ್ಷೆಯಲ್ಲಿ ಇರುತ್ತದೆ. ಆ ಗೋಡೆಗೆ ಯಾವ ಮರ, ಎಷ್ಟು ದಪ್ಪ, ಯಾವ ಮೊಳೆ, ಹಲಗೆಯ ಹಿಂದೆ ಗಾಳಿಯಾಡಲು ಎಷ್ಟು ಸಂದು, ಮೇಲೆ ಏನು ಬಳಿಯಬೇಕು, ಎಷ್ಟು ವರ್ಷಕ್ಕೊಮ್ಮೆ ಬಳಿಯಬೇಕು — ಇದನ್ನೆಲ್ಲ ಪುಟಗಟ್ಟಲೆ ಬರೆಯುವುದು ನನ್ನ ಪಾಲಿನದು. ಯಾರೂ ಓದದ ಸಾಹಿತ್ಯ ಎಂದು ನನ್ನ ಗಂಡ ಗೋಪಿ ರೇಗಿಸುತ್ತಾನೆ. ಓದುವವನು ಕಾಂಟ್ರಾಕ್ಟರ್ ಒಬ್ಬನೇ, ಅವನೂ ಜಗಳ ಬಂದಾಗ ಮಾತ್ರ.

ನೀವು ಬಾಥೆಲ್‌ನಲ್ಲಿ ಸೈಟು ತಗೊಂಡು ಮನೆ ಕಟ್ಟಿಸುತ್ತೇವೆ ಎಂದಾಗ ನನಗೆ ನಿಮ್ಮಷ್ಟೇ ಸಂಭ್ರಮ. ಆಗದೆ ಇರುತ್ತದೆಯೆ? ನಾನು ಈ ದೇಶಕ್ಕೆ ಬಂದ ಮೊದಲ ವಾರ, ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ಪೆಚ್ಚಾಗಿ ನಿಂತಿದ್ದಾಗ, ಹಿಂದಿನಿಂದ ಭುಜ ತಟ್ಟಿ ಮನೆಯಲ್ಲಿ ಸಾರಿನ ಪುಡಿ ಇದೆಯಾ ಎಂದು ಕೇಳಿದವರು ನೀವು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಸಾರಿನ ಪುಡಿ ಕೇಳಿದಿರಿ. ಇಲ್ಲ ಎಂದ ತಕ್ಷಣ ಪಾರ್ಕಿಂಗ್‌ಗೆ ಕರೆದುಕೊಂಡು ಹೋಗಿ ಕಾರಿನ ಡಿಕ್ಕಿಯಿಂದ ಒಂದು ಡಬ್ಬಿ ತೆಗೆದುಕೊಟ್ಟಿರಿ. ಆ ಡಬ್ಬಿ ವಾಪಸು ಕೊಡಲು ಬಂದವಳು ಊಟ ಮಾಡಿ, ಇನ್ನೊಂದು ಡಬ್ಬಿ ತೆಗೆದುಕೊಂಡು ಹೋದೆ. ಅವತ್ತಿನಿಂದ ನೀವು ನನಗೆ ಅಕ್ಕ.

ನೀವು ಲ್ಯಾಬಿನಲ್ಲಿ ಪ್ರೋಟೀನ್‌ಗಳ ಜೊತೆ ಗುದ್ದಾಡುವ ವಿಜ್ಞಾನಿ, ಆದರೆ ಮೂಲದಲ್ಲಿ ಸಾಮಿಲ್ಲಿನ ಮಗಳು. ಹುಣಸೂರಿನಲ್ಲಿ ನಿಮ್ಮ ಅಪ್ಪನ ಸಾಮಿಲ್ಲು, ಅದರ ಅಂಗಳದಲ್ಲಿ ಪೇರಿಸಿದ ಹಲಗೆಗಳ ಮೇಲೆ ಕೂತು ಹೋಂವರ್ಕ್ ಮಾಡಿ ಬೆಳೆದವರು. ಕಣ್ಣು ಮುಚ್ಚಿಸಿ ಒಂದು ತುಂಡು ಮೂಗಿನ ಹತ್ತಿರ ಹಿಡಿದರೆ ತೇಗವೋ, ಮತ್ತಿಯೋ, ಹೊನ್ನೆಯೋ ಹೇಳುತ್ತೀರಿ. ಈ ಆಟವನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಆಡಿಲ್ಲ. ಗೋಪಿ ಒಂದು ಸಲ ಅಂಗಡಿಯ ಅಗ್ಗದ ಮೇಜಿನ ಕಾಲು ಹಿಡಿದಾಗ "ಇದು ಅಂಟು, ಮರ ಅಲ್ಲ" ಎಂದಿದ್ದಿರಿ.

ನಿಮ್ಮ ಬೀದಿಯಲ್ಲಿ ಎಲ್ಲ ಮನೆಗಳಿಗೂ ಸಿಮೆಂಟ್ ಹಲಗೆಯ ಹೊರಗೋಡೆ. ಒಂದಕ್ಕೆ ಬೂದಿ ಬಣ್ಣವಾದರೆ ಪಕ್ಕದ್ದಕ್ಕೆ ಇನ್ನೊಂದು ಬಗೆಯ ಬೂದಿ ಬಣ್ಣ. ಶ್ರೀಧರಣ್ಣನಿಗೆ ಅದೇ ಸಾಕಾಗಿತ್ತು. ನಿಮ್ಮ ಯಜಮಾನರ ಲೆಕ್ಕದಲ್ಲಿ ಹೊರಗಡೆ ಮರ ಹಾಕುವುದು ಎಂದರೆ ಹಸು ಸಾಕಿದ ಹಾಗೆ, ದಿನಾ ನೋಡಿಕೊಳ್ಳಬೇಕು. ಆ ಮಾತೂ ಸುಳ್ಳಲ್ಲ. ಒಂಬತ್ತು ತಿಂಗಳು ಸೋನೆ ಹಿಡಿಯುವ ಈ ಊರಿನಲ್ಲಿ ಮರ ಬೇಕೆಂದರೆ ವರ್ಷಕ್ಕೊಮ್ಮೆ ತೊಳೆಯಬೇಕು, ಎರಡು ಮೂರು ವರ್ಷಕ್ಕೊಮ್ಮೆ ಲೇಪ ಕೊಡಬೇಕು, ಗಿಡಗಳು ಒರಗದ ಹಾಗೆ ಸವರಬೇಕು. ನೀವು ಊಟದ ಮೇಜಿನಲ್ಲಿ ಒಂದೇ ಮಾತಿಗೆ ತೀರ್ಮಾನ ಮಾಡಿದಿರಿ. ಮೂರು ಗೋಡೆ ನಿಮ್ಮದು, ಮುಂದಿನ ಗೋಡೆ ನನ್ನದು, ಅದನ್ನು ನಾನೇ ನೋಡಿಕೊಳ್ಳುತ್ತೇನೆ ಎಂದಿರಿ. ಹಾಗೆ ರಸ್ತೆಗೆ ಮುಖ ಮಾಡಿದ, ಎರಡಂತಸ್ತು ಎತ್ತರದ ಆ ಗೋಡೆಗೆ ಇಲ್ಲಿಯ ಸೀಡರ್ ಮರದ ಹಲಗೆ ಬಂತು. ಮನೆಯ ಕೆಲಸವನ್ನು ನಮ್ಮ ಆಫೀಸಿಗೇ ಕೊಟ್ಟಿದ್ದಿರಿ, ಆ ಗೋಡೆಯ ಸ್ಪೆಸಿಫಿಕೇಶನ್ ನಾನು ಬರೆದೆ.

ಬರೆದೆ ಎಂದೆನಲ್ಲ — ನಮ್ಮ ಕಸುಬಿನಲ್ಲಿ ಯಾರೂ ಮೊದಲಿನಿಂದ ಬರೆಯುವುದಿಲ್ಲ ಅಕ್ಕ. ಹಿಂದಿನ ಕಟ್ಟಡದ್ದನ್ನು ತೆಗೆದುಕೊಂಡು ಬೇಕಾದ ಕಡೆ ಬದಲಾಯಿಸುತ್ತೇವೆ. ಅದು ತಪ್ಪಲ್ಲ, ಎಲ್ಲರೂ ಮಾಡುವುದೇ. ನಾನು ತೆಗೆದುಕೊಂಡದ್ದು ಲಿನ್‌ವುಡ್‌ನ ಒಂದು ಕ್ಲಿನಿಕ್‌ನದು. ಅಲ್ಲೂ ಸೀಡರ್ ಹಲಗೆ, ಆದರೆ ಅದಕ್ಕೆ ದಪ್ಪ ಬಿಳಿ ಪೇಂಟ್. ಪೇಂಟ್ ಹೊಡೆಯುವ ಮರಕ್ಕೆ ಸತುವಿನ ಲೇಪದ ಕಬ್ಬಿಣದ ಮೊಳೆ ನಡೆಯುತ್ತದೆ. ನಿಮ್ಮದಕ್ಕೆ ಪೇಂಟ್ ಇಲ್ಲ, ಮರದ ಬಣ್ಣ ಕಾಣುವ ತಿಳಿ ಲೇಪ. ಅಂಥ ಕಡೆ ಸ್ಟೇನ್‌ಲೆಸ್ ಸ್ಟೀಲ್ ಮೊಳೆಯೇ ಆಗಬೇಕು. ನಾನು ಕ್ಲಿನಿಕ್‌ನ ಹೆಸರು ತೆಗೆದು ನಿಮ್ಮ ಹೆಸರು ಹಾಕಿದೆ. ಪೇಂಟ್ ತೆಗೆದು ತಿಳಿ ಲೇಪ ಹಾಕಿದೆ. ಗಾಳಿಯ ಸಂದನ್ನು ಎರಡೆರಡು ಸಲ ನೋಡಿದೆ. ಮೊಳೆಯ ಸಾಲು ಇದ್ದ ಹಾಗೇ ಉಳಿಯಿತು.

ಕಬ್ಬಿಣಕ್ಕೂ ಸೀಡರಿಗೂ ಏನು ದ್ವೇಷ ಎಂದು ಸಂಘದವರು ಕೇಳಬಹುದು. ಈಳಿಗೆಮಣೆಯಲ್ಲಿ ಬಾಳೆಕಾಯಿ ಹೆಚ್ಚಿದವರಿಗೆ ವಿವರಿಸಬೇಕಾಗಿಲ್ಲ. ಕೈಯೂ ಕಪ್ಪು, ಈಳಿಗೆಯೂ ಕಪ್ಪು. ಬಾಳೆಕಾಯಿಯ ಹಾಗೆ ಸೀಡರಿನಲ್ಲೂ ಒಗರು ಇದೆ. ಸುತ್ತಿಗೆ ಬಿದ್ದು ಮೊಳೆಯ ತಲೆಯ ಸತು ಎದ್ದರೆ ಒಳಗಿನ ಕಬ್ಬಿಣಕ್ಕೆ ಮಳೆಯ ನೀರು ತಾಗುತ್ತದೆ, ಮರದ ಒಗರು ಅದಕ್ಕೆ ಸೇರುತ್ತದೆ, ಮೊಳೆಯ ಕೆಳಗೆ ಕಪ್ಪು ಗೆರೆ ಇಳಿಯುತ್ತದೆ.

ಇಷ್ಟೇ ಆಗಿದ್ದರೆ ಕಣ್ತಪ್ಪು ಎಂದು ಬಿಡಬಹುದಿತ್ತು. ಆದರೆ ಕಾಂಟ್ರಾಕ್ಟರ್ ಒಳ್ಳೆಯವನು, ಜಗಳ ಬರುವ ಮುಂಚೆಯೇ ಓದಿದ್ದ. ಇಮೇಲ್ ಕಳಿಸಿದ್ದ, ತಿಳಿ ಲೇಪದ ಗೋಡೆಗೆ ಸತುವಿನ ಮೊಳೆ ಬರೆದಿದ್ದೀರಿ, ಇದು ಬೇಕೆಂದೇ ಬರೆದದ್ದೋ ಎಂದು. ನಾನು ಸ್ಪೆಕ್ ತೆರೆದು ನೋಡದೆ ಫೋನಿನಲ್ಲೇ ಉತ್ತರ ಬರೆದೆ. ಬರೆದಂತೆ ಮಾಡಿ ಎಂದು. ಆಗ ನಾನು ಎಲ್ಲಿದ್ದೆ, ಎಷ್ಟು ಅವಸರದಲ್ಲಿದ್ದೆ — ಅದನ್ನು ಹೇಳಿದರೆ ನೆಪ ಹೇಳಿದ ಹಾಗಾಗುತ್ತದೆ. ಬೇಡ.

ಮನೆ ಮುಗಿಯಿತು. ಗೃಹಪ್ರವೇಶದ ದಿನ ಆ ಗೋಡೆ ಜೇನಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ನಾಯಿ ಕರೆದುಕೊಂಡು ಹೋಗುತ್ತಿದ್ದ ಅಮೆರಿಕನ್ನರು ನಿಂತು ಹೊಗಳಿ ಹೋದರು. ಒಳಗೆ ಹೋಮದ ಹೊಗೆ, ಹೊರಗೆ ಸೀಡರಿನ ಘಮ. ನೀವು ಬಂದವರಿಗೆಲ್ಲ ನನ್ನ ಕೈ ಹಿಡಿದು "ಇವಳು ನಮ್ಮ ಸುಧಾ, ಈ ಗೋಡೆ ಇವಳೇ ಬರೆದಿದ್ದು" ಎಂದು ಪರಿಚಯ ಮಾಡಿದಿರಿ. ನಾನು ಬೀಗಿದೆ. ಕೆಲಸಕ್ಕೆ ಹೊರಡುವ ಮುಂಚೆ ದಿನಾ ಆ ಗೋಡೆಗೆ ಅಂಗೈ ಒತ್ತಿ ಆಮೇಲೆ ಕಾರು ಹತ್ತುತ್ತೀರಿ ಎಂದು ನಿಮ್ಮ ಮಗಳು ಮೇಘಾ ಆಮೇಲೊಮ್ಮೆ ಹೇಳಿ ನಕ್ಕಿದ್ದಳು.

ಆಮೇಲೆ ಆ ಪ್ರಸಿದ್ಧ ದೀಪಾವಳಿ ಬಂತು. ನರಕ ಚತುರ್ದಶಿಯ ಬೆಳಿಗ್ಗೆ ಗಂಡನಿಗೆ, ಮಗಳಿಗೆ ಎಣ್ಣೆ ಒತ್ತಿ ಮುಗಿಸಿದಿರಿ, ಬಟ್ಟಲಿನಲ್ಲಿ ಎಣ್ಣೆ ಉಳಿಯಿತು. ಹೊಸ ಮನೆಯಲ್ಲಿ ಮೊದಲ ಹಬ್ಬ. ಮನೆಮಂದಿಗೆಲ್ಲ ಎಣ್ಣೆ ಆದ ಮೇಲೆ ಮನೆಗೆ ಆಗಬೇಡವೆ ಎಂದು ನಿಮಗೆ ಅನಿಸಿತು. ನಿಮ್ಮ ಅಪ್ಪ ಹಬ್ಬದ ದಿನ ಸಾಮಿಲ್ಲಿನ ದೊಡ್ಡ ಬಾಗಿಲಿಗೆ ಹರಳೆಣ್ಣೆ ಉಜ್ಜುತ್ತಿದ್ದದ್ದು ನೆನಪಾಯಿತು. ಉಳಿದ ಎಳ್ಳೆಣ್ಣೆಗೆ ಹರಳೆಣ್ಣೆ ಬೆರೆಸಿ, ಅದರಲ್ಲಿ ಹಳೇ ಪಂಚೆಯ ತುಂಡು ಅದ್ದಿ ಬಾಗಿಲಿನ ಎರಡೂ ಪಕ್ಕ ಕೈಗೆ ಎಟುಕುವಷ್ಟು ಎತ್ತರಕ್ಕೆ ಉಜ್ಜಿ, ಅರಿಶಿನ ಕುಂಕುಮ ಇಟ್ಟು ಒಳಗೆ ಬಂದಿರಿ. ಮೇಘಾ ಫೋಟೋ ತೆಗೆದು "ಅಮ್ಮ ಗೇವ್ ದ ಹೌಸ್ ಆ್ಯನ್ ಆಯಿಲ್ ಬಾತ್" ಎಂದು ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದಳು. ನಾನು ನಗುವ ಮುಖ ಮೂರು, ಹೃದಯ ಒಂದು ಕಳಿಸಿದೆ. ಅಡುಗೆ ಎಣ್ಣೆ ಹೊರಗೋಡೆಗೆ ಒಳ್ಳೆಯದಲ್ಲ, ಒರೆಸಿಬಿಡಿ ಎಂದು ಆಗಲೇ ಹೇಳಬಹುದಿತ್ತು. ಹಬ್ಬದ ದಿನ ಯಾಕೆ ಎಂದು ಬಿಟ್ಟೆ.

ಮಳೆ ಹಿಡಿಯಿತು. ಮಾರ್ಚ್‌ನಲ್ಲಿ ಒಂದು ಶನಿವಾರ ನೀವು ಫೋನ್ ಮಾಡಿ, ಸ್ವಲ್ಪ ಬಂದು ಹೋಗು ಎಂದಿರಿ. ದನಿ ನಿಮ್ಮದಾಗಿರಲಿಲ್ಲ. ಲಿನ್‌ವುಡ್‌ನಲ್ಲಿರುವ ನಮ್ಮ ಮನೆಯಿಂದ ಹದಿನೈದು ನಿಮಿಷಕ್ಕೆ ಬಂದೆ. ನೀವು ಗಂಬೂಟು ಹಾಕಿಕೊಂಡು, ಬಕೆಟ್ ಪಕ್ಕದಲ್ಲಿಟ್ಟುಕೊಂಡು, ಬ್ರಷ್ ಹಿಡಿದು ಗೋಡೆಯ ಮುಂದೆ ನಿಂತಿದ್ದಿರಿ. ಬಾಗಿಲಿನ ಅಕ್ಕಪಕ್ಕ ಎಣ್ಣೆ ಹಚ್ಚಿದ ಕಡೆ ಧೂಳು ಕೂತು ಬೂಷ್ಟು ಹಿಡಿದಿತ್ತು. ಅದಲ್ಲದೆ ಗೋಡೆಯುದ್ದಕ್ಕೂ, ಪ್ರತಿ ಮೊಳೆಯ ಕೆಳಗೂ, ಕಾಡಿಗೆ ಹಚ್ಚಿಕೊಂಡು ಅತ್ತ ಹಾಗೆ ಒಂದೊಂದು ಕಪ್ಪು ಗೆರೆ.

"ನಾನೇ ಹಾಳು ಮಾಡ್ಬಿಟ್ಟೆ ಕಣೆ," ಎಂದಿರಿ. "ಎಣ್ಣೆ ಹಚ್ಚಿದ್ದು ನಾನು. ಇವ್ರು ಮರ ಬೇಡ ಅಂತ ಮೊದ್ಲಿಂದಾನೂ ಹೇಳ್ತಿದ್ರು."

ನಾನು ತಲೆ ಎತ್ತಿ ನೋಡಿದೆ. ಮೇಲಂತಸ್ತಿನ ಬೆಡ್‌ರೂಮಿನ ಕಿಟಕಿಯ ಪಕ್ಕದಲ್ಲೂ ಅದೇ ಗೆರೆಗಳು. ನಿಮ್ಮ ಎತ್ತರ ಐದು ಅಡಿ ಎರಡು ಅಂಗುಲ. ಕೈ ಚಾಚಿದರೂ, ಸ್ಟೂಲು ಹತ್ತಿದರೂ ಅಲ್ಲಿಗೆ ಎಣ್ಣೆ ಮುಟ್ಟಿಸುವುದು ನಿಮ್ಮಿಂದ ಆಗದ ಕೆಲಸ. ಒಂದು ಕ್ಷಣದಲ್ಲಿ ಎಲ್ಲವೂ ಹೊಳೆಯಿತು — ಮೊಳೆ, ಕ್ಲಿನಿಕ್‌ನ ಕಾಗದ, ಆ ಇಮೇಲ್. ನೀವು ನನ್ನ ಮುಖವನ್ನೇ ನೋಡುತ್ತಿದ್ದಿರಿ, ನಾನು ನೋಡುತ್ತಿದ್ದ ಕಡೆ ನೋಡಲಿಲ್ಲ. ಆಗ ನಾನು ಆಡಿದ ಮಾತು ಇದು.

"ಎಣ್ಣೆ ಹಚ್ಚಬಾರದಿತ್ತು ಅಕ್ಕ. ಸೀಡರಿಗೆ ಅದು ಆಗಲ್ಲ."

ಒಂದೊಂದು ಪದವೂ ನಿಜ ನೋಡಿ. ಸ್ಪೆಕ್ ಬರೆಯುವವಳಲ್ಲವೆ, ಯಾರೂ ಹಿಡಿಯಲಾಗದ ಹಾಗೆ ವಾಕ್ಯ ಕಟ್ಟುವುದು ಅಭ್ಯಾಸವಾಗಿದೆ. ನೀವು ತಲೆಯಾಡಿಸಿ ಬಕೆಟ್ಟಿಗೆ ಬ್ರಷ್ ಅದ್ದಿದಿರಿ. ನನಗೆ ಆಗ ಆದದ್ದು ನಾಚಿಕೆಯಲ್ಲ ಅಕ್ಕ, ನೆಮ್ಮದಿ. ಇದನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟ. ಆಫೀಸಿನ ಹೆದರಿಕೆ ಎಂದು ಬರೆಯಬಹುದು, ಅದೂ ಸ್ವಲ್ಪ ಇತ್ತು. ನಿಜವಾಗಿ ಇದ್ದದ್ದು ಇಷ್ಟೇ — 'ನಮ್ಮ ಸುಧಾ ಬರೆದ ಗೋಡೆ' ಎಂದು ನೀವು ಹೇಳುವುದು ನಿಂತುಹೋಗುತ್ತದಲ್ಲ ಎಂದು.

ಅವತ್ತು ಇಬ್ಬರೂ ಸೇರಿ ತೊಳೆದೆವು. ಮೆತ್ತನೆಯ ಬ್ರಷ್, ತೆಳ್ಳಗಿನ ಸೋಪಿನ ನೀರು, ಹಲಗೆ ಓಡುವ ದಿಕ್ಕಿನಲ್ಲೇ ಕೈ. ಎಣ್ಣೆಯಿಂದ ಬಂದ ಬೂಷ್ಟು ಅರ್ಧ ಗಂಟೆಯಲ್ಲಿ ಹೋಯಿತು. ನಿಮ್ಮ ತಪ್ಪು ಎಂದರೆ ಅಷ್ಟೇ ಅಕ್ಕ, ಅರ್ಧ ಗಂಟೆಯ ಸೋಪಿನ ನೀರು. ಗೆರೆಗಳು ಹೋಗಲಿಲ್ಲ. ಎಣ್ಣೆ ಒಳಗೆ ಇಳಿದುಬಿಟ್ಟಿದೆ ಅಂತ ಕಾಣುತ್ತೆ ಎಂದು ನೀವೇ ಹೇಳಿಕೊಂಡಿರಿ. ನಾನು ಹೂಂ ಎನ್ನಲಿಲ್ಲ, ಉಹುಂ ಎನ್ನಲೂ ಇಲ್ಲ. ಆಮೇಲೆ ಬಿಸಿಬೇಳೆಬಾತ್ ಹಾಕಿದಿರಿ, ಮೇಲೆ ತುಪ್ಪ. ಎರಡು ಸಲ ಹಾಕಿಸಿಕೊಂಡೆ. ಸುಳ್ಳು ಹೇಳಿದವರಿಗೆ ಊಟ ಸೇರುವುದಿಲ್ಲ ಎನ್ನುವುದನ್ನು ನಾನು ನಂಬುವುದಿಲ್ಲ, ನನಗೆ ಚೆನ್ನಾಗಿಯೇ ಸೇರಿತು.

ಆ ಅಭಿಷೇಕ ಪ್ರತಿ ವರ್ಷದ ಪದ್ಧತಿಯಾಯಿತು. ಏಪ್ರಿಲ್‌ನಲ್ಲಿ ಬಿಸಿಲು ಕಂಡ ಮೊದಲ ಶನಿವಾರ ನಾನು ಹಾಜರು. ಪ್ರೆಶರ್ ವಾಷರ್ ಬೇಡ, ಮರದ ನಾರು ಎದ್ದುಬಿಡುತ್ತದೆ ಎಂದು ಶ್ರೀಧರಣ್ಣನನ್ನು ಗದರಿ, ಕೈಯಲ್ಲೇ ಉಜ್ಜಿ, ಊಟ ಮಾಡಿ, ಡಬ್ಬಿ ತುಂಬಿಸಿಕೊಂಡು ಮನೆಗೆ. ಇಂಥ ಸ್ನೇಹಿತೆ ಯಾರಿಗೆ ಸಿಗುತ್ತಾಳೆ ಎಂದು ನೀವು ಎಲ್ಲರೆದುರು ಹೇಳುತ್ತಿದ್ದಿರಿ. ಮೂರನೆಯ ವರ್ಷ ಗೆರೆಗಳು ಮುಚ್ಚಲಿ ಎಂದು ಕಾಫಿ ಬಣ್ಣದ ಲೇಪ ಹೊಡೆಸಿ ಎಂದೆ. ಮರದ ಬಣ್ಣ ಹೋಗುತ್ತಲ್ಲೇ ಎಂದು ನೀವು ಸಣ್ಣಗೆ ಗೊಣಗಿದಿರಿ, ಆದರೆ ಹಾಳು ಮಾಡಿದವಳು ನಾನೇ ಅಲ್ಲವಾ ಎಂದು ಒಪ್ಪಿದಿರಿ. ಅದೂ ಎರಡು ಮಳೆಗಾಲ ಅಷ್ಟೇ, ಗೆರೆಗಳು ಕಾಫಿಯ ಮೇಲೂ ಬಂದವು. ಕಬ್ಬಿಣದ ಕಲೆಗೆ ಬೇರೆಯೇ ಮದ್ದಿದೆ, ಮರದ ಅಂಗಡಿಯಲ್ಲಿ ಸಿಗುವ ಆಕ್ಸಾಲಿಕ್ ಆಮ್ಲದ ಪುಡಿ. ಮೊದಲ ವರ್ಷವೇ ಅದನ್ನು ತರಬಹುದಿತ್ತು. ತಂದಿದ್ದರೆ ಲ್ಯಾಬಿನವರಾದ ನೀವು ಡಬ್ಬಿ ತಿರುಗಿಸಿ ಓದಿ, ಎಣ್ಣೆಯ ಕಲೆಗೆ ಇದ್ಯಾಕೆ ಎಂದು ಕೇಳುತ್ತಿದ್ದಿರಿ. ಅದಕ್ಕೇ ತರಲಿಲ್ಲ.

ಇನ್ನು ಭಾಷಣದ ವಿಷಯ. ಈ ಊರಿನ ಮಳೆಯಲ್ಲಿ ಮನೆ ನೋಡಿಕೊಳ್ಳುವುದು ಹೇಗೆ ಎಂದು ಸಂಘದಲ್ಲಿ ಮಾತಾಡಲು ಕರೆದಾಗ, ಮೊದಲ ಸ್ಲೈಡಿಗೆ ನಾನು ಹಾಕಿದ್ದು ಮೇಘಾ ತೆಗೆದ ಆ ಫೋಟೋ. ಹಾಕಲಾ ಎಂದು ನಿಮ್ಮನ್ನು ಕೇಳಿದ್ದೆ, ಹಾಕೇ, ನಾಲ್ಕು ಜನ ನಗಲಿ ಎಂದಿರಿ. ನಾಲ್ಕು ಜನ ಅಲ್ಲ, ಸಭಾಂಗಣವೇ ನಕ್ಕಿತು. ನೀವು ಎದ್ದು ನಿಂತು, ಗೆದ್ದವರ ಹಾಗೆ, ಮೂರೂ ಕಡೆ ತಿರುಗಿ ನಮಸ್ಕಾರ ಮಾಡಿದಿರಿ. ಅದೇ ಭಾಷಣದ ಹತ್ತನೆಯ ಸ್ಲೈಡಿನಲ್ಲಿ, ಪೇಂಟ್ ಇಲ್ಲದ ಮರಕ್ಕೆ ಸ್ಟೇನ್‌ಲೆಸ್ ಮೊಳೆ ಬಿಟ್ಟು ಬೇರೇನೂ ಹೊಡೆಸಬೇಡಿ, ಕಪ್ಪು ಗೆರೆ ಬರುತ್ತದೆ ಎಂದು ನಾನೇ ಹೇಳಿದೆ. ಶ್ರೀಧರಣ್ಣ ಮುಂದಿನ ಸಾಲಿನಲ್ಲಿ ಕೂತು ಅದನ್ನು ಬರೆದುಕೊಂಡರು. ನಾನು ಬೇಗ ಮುಂದಿನ ಸ್ಲೈಡಿಗೆ ಹೋದೆ, ಆದರೆ ಯಾರೂ ಅದನ್ನೂ ಇದನ್ನೂ ಕೂಡಿಸಲಿಲ್ಲ. ಎಲ್ಲರ ತಲೆಯಲ್ಲಿ ಎಣ್ಣೆಯೇ ತುಂಬಿತ್ತು, ತುಂಬಿದವಳು ನಾನು.

ಅಲ್ಲಿಂದಾಚೆ ಪ್ರತಿ ದೀಪಾವಳಿಗೂ ಅದೇ ತಮಾಷೆ. ವಾಸಂತಕ್ಕ, ಈ ಸಲ ಎಣ್ಣೆ ಯಾರಿಗೆ, ಕಾರಿಗಾ ಎಂದು ಒಬ್ಬರು, ನಮ್ಮ ಹಿತ್ತಿಲಿನ ಮರದ ಡೆಕ್ಕಿಗೂ ಸ್ವಲ್ಪ ಸೀಗೆಪುಡಿ ಕಳಿಸಿ ಎಂದು ಇನ್ನೊಬ್ಬರು. ಎಲ್ಲರಿಗಿಂತ ಜೋರಾಗಿ ನೀವೇ ನಗುತ್ತಿದ್ದಿರಿ. ಆ ನಗು ನನಗೆ ಎಷ್ಟು ಅನುಕೂಲವಾಗಿತ್ತು ಎಂದರೆ, ನಿಮಗೆ ಇದರಿಂದ ಏನೂ ಆಗಿಲ್ಲ ಎಂದು ನಾನು ನಂಬಿಕೊಂಡುಬಿಟ್ಟೆ. ಆಗಿದ್ದರೆ ಇಷ್ಟು ನಗುತ್ತಾರೆಯೆ ಎಂದು.

ಹೋದ ಭಾನುವಾರ ಊಟಕ್ಕೆ ಕರೆದಿದ್ದಿರಿ. ಮೇಜಿನ ಮೇಲೆ ಎಲೆ ಹಾಕುವ ಜಾಗದಲ್ಲಿ ಶ್ರೀಧರಣ್ಣ ಸಿಮೆಂಟ್ ಹಲಗೆಯ ಸ್ಯಾಂಪಲ್‌ಗಳನ್ನು ಹರಡಿದ್ದರು. ಮುಂದಿನ ಗೋಡೆಯ ಸೀಡರ್ ಪೂರ್ತಿ ಕಿತ್ತು ಇದನ್ನು ಹಾಕಿಸುವುದು, ಒಂದು ವಾರ ಬಿಟ್ಟು ಬರುವ ಸೋಮವಾರ ಕಾಂಟ್ರಾಕ್ಟರ್ ಬಂದು ಸಹಿ ಹಾಕಿಸಿಕೊಳ್ಳುತ್ತಾನೆ ಎಂದರು. ಮರದ ಗೆರೆಗಳನ್ನು ಅಚ್ಚು ಹಾಕಿದ ಒಂದು ತುಂಡನ್ನು ನೀವು ಕೈಗೆತ್ತಿಕೊಂಡಿರಿ. ಎತ್ತಿಕೊಂಡ ತಕ್ಷಣ, ಅಭ್ಯಾಸ ನೋಡಿ, ಮೂಗಿನ ಹತ್ತಿರ ಹಿಡಿದಿರಿ. ಆಮೇಲೆ ಕೆಳಗಿಟ್ಟಿರಿ.

"ವಾಸನೇನೇ ಇಲ್ಲ," ಎಂದಿರಿ. "ಒಳ್ಳೇದಾಯ್ತು ಬಿಡು. ನನ್ ಕೈಗೆ ಮರ ಒಗ್ಗಲ್ಲ ಕಣೆ ಸುಧಾ."

ನಗುತ್ತಲೇ ಹೇಳಿದಿರಿ. ಕೈ ತೊಳೆಯಲು ಎದ್ದವಳು ದೇವರ ಮನೆಯ ಮುಂದೆ ಹಾದುಹೋದೆ. ನಿಮ್ಮ ಅಪ್ಪ ತಾವೇ ಮಾಡಿಕೊಟ್ಟ ಬೀಟೆಮರದ ಮಣೆ, ಅಷ್ಟು ದೂರದಿಂದ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ತಂದದ್ದು, ಅಲ್ಲಿತ್ತು. ಒಣಗಿ ಬಿಳಿಚಿಕೊಂಡು ನಡುವೆ ಬಿರುಕು ಬಿಟ್ಟಿತ್ತು. ಮೊದಲೆಲ್ಲ ಅದರಲ್ಲಿ ಮುಖ ಕಾಣುತ್ತಿತ್ತು. ಎಣ್ಣೆ ಹಾಕಲಿಲ್ಲವೆ ಅಕ್ಕ ಎಂದು ಕೇಳಿದೆ. ನೀವು ಅಡುಗೆಮನೆಯಿಂದಲೇ, ಪಾತ್ರೆ ಜೋಡಿಸುತ್ತಾ, ದೊಡ್ಡ ವಿಷಯವೇ ಅಲ್ಲ ಎನ್ನುವ ಹಾಗೆ ಉತ್ತರ ಕೊಟ್ಟಿರಿ.

"ಬೇಡಪ್ಪ. ಅಪ್ಪನ ಮಣೆ, ನಾನು ಮುಟ್ಟಿ ಅದಕ್ಕೂ ಏನಾದ್ರೂ ಆದ್ರೆ?"

ಆರು ವರ್ಷ, ಅಕ್ಕ. ಆರು ವರ್ಷ ನೀವು ಆ ಮಣೆಯನ್ನು ಮುಟ್ಟಿಲ್ಲ. ಹಲಗೆಗಳ ಮೇಲೆ ಕೂತು ಬೆಳೆದವರು, ವಾಸನೆಯಲ್ಲಿ ಮರದ ಹೆಸರು ಹೇಳುವವರು, ನಿಮ್ಮ ಕೈಯನ್ನು ನೀವೇ ನಂಬದ ಹಾಗೆ ಮಾಡಿದ್ದು ನನ್ನ ಒಂದು ಮಾತು. ಗೋಡೆ ಕಪ್ಪಾದದ್ದು ನನ್ನ ಕಣ್ತಪ್ಪಿನಿಂದ. ಇದು ಕಣ್ತಪ್ಪಲ್ಲ. ಬೇಕೆಂದೇ ಮಾಡಿದ್ದು, ಆಮೇಲೆ ವರ್ಷ ವರ್ಷ ತೊಳೆದು, ನಗಿಸಿ, ಕಾಪಾಡಿಕೊಂಡು ಬಂದದ್ದು. ಮರಕ್ಕೆ ಕೊಡಬೇಕಾದ ಆರೈಕೆಯನ್ನೆಲ್ಲ ನಾನು ಆ ಸುಳ್ಳಿಗೆ ಕೊಟ್ಟೆ.

ಹೊರಡುವಾಗ ನಿಮ್ಮ ಗ್ಯಾರೇಜಿನಿಂದ ಒಂದು ತುಂಡು ಹಲಗೆ ತೆಗೆದುಕೊಂಡು ಹೋದೆ. ಹೋದ ವರ್ಷ ಹೊರಗಿನ ದೀಪ ಬದಲಾಯಿಸುವಾಗ ಗೋಡೆಯಿಂದ ಕೊಯ್ದದ್ದು, ಎರಡು ಮೊಳೆಯ ಸಮೇತ ಮೂಲೆಯಲ್ಲಿ ಬಿದ್ದಿತ್ತು. ಕೇಳದೆ ತಂದೆ, ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ಎರಡು ಸಂಜೆ ಅದರ ಜೊತೆ ಬಾಲ್ಕನಿಯಲ್ಲಿ ಕೂತೆ. ಮೊಳೆ ಕಿತ್ತೆ, ತಲೆಯಲ್ಲಿ ಸತು ಒಂದು ಚೂರೂ ಉಳಿದಿರಲಿಲ್ಲ. ಕಾಫಿ ಬಣ್ಣ ಎಬ್ಬಿಸಿ ತೆಗೆದೆ. ಆಮ್ಲದ ಪುಡಿಯನ್ನು ನೀರಿನಲ್ಲಿ ಕಲಸಿ ಬಳಿದು, ಸ್ವಲ್ಪ ಹೊತ್ತು ಬಿಟ್ಟು ತೊಳೆದೆ. ಕಪ್ಪು ಕರ್ರಗೆ ಇದ್ದದ್ದು ಕಣ್ಣೆದುರೇ ತೆಳುವಾಗಿ, ಹಳದಿಯಾಗಿ, ಹೋಗಿಯೇಹೋಯಿತು. ಒಣಗಿದ ಮೇಲೆ ಗೃಹಪ್ರವೇಶದ ದಿನದ ಬಣ್ಣ ಬಂತು ಅಕ್ಕ. ಗೋಪಿ ಮೂಸಿ ನೋಡಿ, ಇದು ಅಂಟಲ್ಲ, ಮರ ಎಂದ. ನನಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ಮಾಡಿದೆ.

ಶುಕ್ರವಾರ ಆಫೀಸಿನಲ್ಲಿ ನನ್ನ ಬಾಸ್‌ಗೆ ಎಲ್ಲ ಹೇಳಿದೆ, ಆ ಹಳೆಯ ಇಮೇಲನ್ನೂ ತೋರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮನೆಯವರಿಗೆ ಹೇಳಿದ್ದೀಯಾ ಎಂದು ಮೊದಲು ಕೇಳಿದರು. ಇಲ್ಲ ಎಂದಾಗ, ಹಾಗಾದರೆ ನನಗೆ ಹೇಳಿದ್ದು ಏನು ಲೆಕ್ಕ ಎಂದರು. ಮುಂದೆ ನನ್ನ ಬಗ್ಗೆ ಏನು ಮಾಡುತ್ತಾರೋ ಗೊತ್ತಿಲ್ಲ, ಏನು ಮಾಡಿದರೂ ಸರಿಯೇ. ಸಂಘದಲ್ಲಿ ಈ ದೀಪಾವಳಿಗೆ, ಅದೇ ಮೈಕಿನಲ್ಲಿ, ಅದೇ ಫೋಟೋ ತೋರಿಸಿ ಈ ಮಾತುಗಳನ್ನು ನಾನೇ ಓದುತ್ತೇನೆ. ಸಂಚಿಕೆಗೆ ಕೊಡುವುದು ನಿಮ್ಮಿಷ್ಟ, ಆದರೆ ಓದುವುದು ನೀವು ಬೇಡ ಎಂದರೂ ನಿಲ್ಲುವುದಿಲ್ಲ, ಅದೊಂದರಲ್ಲಿ ನಿಮ್ಮ ಮಾತು ಕೇಳುವುದಿಲ್ಲ.

ಕ್ಷಮಿಸಿ ಎಂದು ಈ ಕಾಗದದಲ್ಲಿ ಬರೆಯುತ್ತಿಲ್ಲ. ಬರೆದರೆ ನೀವು ತಕ್ಷಣ ಕ್ಷಮಿಸಿಬಿಡುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು, ಅದು ನನಗೆ ಸುಲಭವಾಗಿಬಿಡುತ್ತದೆ. ಸ್ವಲ್ಪ ದಿನ ಸಿಟ್ಟು ಮಾಡಿಕೊಳ್ಳಿ. ಸಾರಿನ ಪುಡಿ ನಿಲ್ಲಿಸಿ. ಒಂದು ಬೇಡಿಕೆ ಮಾತ್ರ ಇದೆ. ಸೋಮವಾರ ಸಹಿ ಹಾಕಬೇಡಿ. ಗೋಡೆ ಗಟ್ಟಿಯಾಗಿದೆ, ಒಂದು ಹಲಗೆಯೂ ಕೊಳೆತಿಲ್ಲ, ಹಿಂದಿನ ಗಾಳಿಯ ಸಂದನ್ನಾದರೂ ನಾನು ಸರಿಯಾಗಿ ಬರೆದಿದ್ದೆ. ಮಳೆ ಶುರುವಾಗುವ ಮುಂಚೆ ಇನ್ನೂ ಕೆಲವು ಒಣ ವಾರಗಳಿವೆ. ರಜೆ ಹಾಕಿದ್ದೇನೆ, ಏಣಿ ಬಾಡಿಗೆಗೆ ತಂದಿದ್ದೇನೆ. ಮೊಳೆಗಳನ್ನೆಲ್ಲ ಒಂದೊಂದಾಗಿ ಕಿತ್ತು, ಸ್ಟೇನ್‌ಲೆಸ್ ಹೊಡೆದು, ಕಾಫಿ ಬಣ್ಣ ತೆಗೆದು, ತೊಳೆದು, ತಿಳಿ ಲೇಪ ಕೊಡುತ್ತೇನೆ. ಬೀಟೆ ಮಣೆಗೆ ಮಾತ್ರ ನಾನು ಕೈ ಹಚ್ಚುವುದಿಲ್ಲ. ಅದಕ್ಕೆ ಎಣ್ಣೆ ನೀವೇ ಹಾಕಬೇಕು.

ಹಲಗೆಯ ತುಂಡನ್ನು ಈ ಕಾಗದದ ಜೊತೆ ನಿಮ್ಮ ಬಾಗಿಲ ಮುಂದೆ ಇಟ್ಟು ಹೋಗುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ. ಬಾಗಿಲು ತೆಗೆಯುವುದು, ಬಿಡುವುದು ನಿಮಗೆ ಸೇರಿದ್ದು. ನಾನು ಮಾಡಬೇಕಾದ ಕೆಲಸ ಹೇಗೂ ಹೊರಗಡೆಯೇ ಇದೆ.